ಸಕ್ಕರೆ ಮರದ ಊರಿನಲ್ಲಿ ಬಾಣಂತನ

ಬೆಲ್ಲ ಕಬ್ಬಿನಿಂದ ಬರುತ್ತದೆ ಎಂದು ಒಂದನೇ ತರಗತಿಯ ಮಗುವೂ ಹೇಳುತ್ತದೆ. ತಾಳೆ, ಈಚಲು ಮರಗಳಿಂದಲೂ ಬೆಲ್ಲ ಮಾಡುವುದುಂಟು ಎಂಬುದು ಸ್ವಲ್ಪ ದೊಡ್ಡವರಿಗೆ ಗೊತ್ತು. ನಮ್ಮ ಮಲೆನಾಡಿನಲ್ಲಿ ಬಗನಿ ಮರದಿಂದ ಕಳ್ಳು ಇಳಿಸುವುದನ್ನು ಚಿಕ್ಕಂದಿನಲ್ಲಿ ದೂರದಿಂದ ನೋಡಿದವಳು ನಾನು. ಹತ್ತಿರ ಹೋಗಲು ಅಪ್ಪಯ್ಯ ಬಿಡುತ್ತಿರಲಿಲ್ಲ. ಆದರೆ ಮೊಣಕಾಲುದ್ದ ಹಿಮದ ನಡುವೆ, ಒಂದು ಎಲೆಯೂ ಇಲ್ಲದೆ ಬೋಳಾಗಿ ನಿಂತ ಮರದ ಕಾಂಡಕ್ಕೆ ತೂತು ಕೊರೆದು, ಅಲ್ಲಿಂದ ತೊಟ್ಟಿಕ್ಕುವ ನೀರನ್ನು ಕಾಯಿಸಿ, ನಮ್ಮ ಜೋನಿಬೆಲ್ಲದಂಥದ್ದನ್ನು ಮಾಡುತ್ತಾರೆ ಎಂದರೆ? ಕಣ್ಣಾರೆ ಕಂಡ ಮೇಲೂ ನನಗೆ ಅದು ಅಜ್ಜಿಕತೆಯ ಹಾಗೇ ತೋರುತ್ತದೆ.

ಕಂಡದ್ದು 2023ರಲ್ಲಿ. ಮಗಳ ಬಾಣಂತನಕ್ಕೆಂದು ಫೆಬ್ರವರಿ ಮೊದಲ ವಾರ ಅಮೆರಿಕಕ್ಕೆ ಹೋಗಿದ್ದೆ. ಅವಳಿರುವುದು ವರ್ಮಾಂಟ್ ಎಂಬ ರಾಜ್ಯದಲ್ಲಿ. ಅಮೆರಿಕ ಎಂದರೆ ಟಿ.ವಿ.ಯಲ್ಲಿ ಕಾಣುವ ಗಗನಚುಂಬಿ ಕಟ್ಟಡಗಳೇ ಕಣ್ಣ ಮುಂದೆ ಬರುತ್ತವಲ್ಲ, ಇದು ಹಾಗಲ್ಲ. ಕೆನಡಾದ ಗಡಿಗೆ ತಾಗಿಕೊಂಡ, ಗುಡ್ಡ ಕಾಡುಗಳ ಸಣ್ಣ ರಾಜ್ಯ. ನಮ್ಮ ಸಾಗರದ ಕಡೆಯ ಗುಡ್ಡಗಳ ಮೇಲೆ ಯಾರೋ ಅಕ್ಕಿಹಿಟ್ಟು ಸುರಿದು ಹೋದಂತೆ ಇತ್ತು. ಪೆಟ್ಟಿಗೆ ತುಂಬ ಬಾಣಂತಿ ಲೇಹ, ಮೆಂತ್ಯದ ಹಿಟ್ಟು, ಒಣಶುಂಠಿ, ಹಳೆಯ ಕಾಟನ್ ಸೀರೆಗಳ ತುಂಡು ಹೊತ್ತುಕೊಂಡು ಇಳಿದವಳಿಗೆ ಮೊದಲ ಹದಿನೈದು ದಿನ ಮನೆಯ ಬಾಗಿಲು ಬಿಟ್ಟು ಹೊರಬರುವ ಧೈರ್ಯವೇ ಆಗಲಿಲ್ಲ. ಮೂಗು ಇದೆಯೋ ಇಲ್ಲವೋ ಎಂದು ಮುಟ್ಟಿ ನೋಡಿಕೊಳ್ಳಬೇಕಾದಂಥ ಚಳಿ. ತಿಂಗಳ ನಡುವಿನಲ್ಲಿ ಮೊಮ್ಮಗಳು ಹುಟ್ಟಿದಳು. ಮನೆಯೊಳಗೆ ಸಾಂಬ್ರಾಣಿ ಹಾಕಿದರೆ ಹೊಗೆಯ ಗಂಟೆ ಕಿರುಚಿಕೊಳ್ಳುತ್ತದೆ ಎಂದು ಅಳಿಯ ಬೇಡಿಕೊಂಡಿದ್ದರಿಂದ ಅದೊಂದನ್ನು ಬಿಟ್ಟು ಮಿಕ್ಕೆಲ್ಲ ಉಪಚಾರ ನಮ್ಮ ಪದ್ಧತಿಯಂತೆಯೇ ನಡೆಯಿತು.

ರಸ್ತೆಯ ಆಚೆ ಬದಿಯ ಮನೆಯಲ್ಲಿ ಒಬ್ಬ ಹೆಂಗಸು ಇದ್ದರು. ಎಪ್ಪತ್ತರ ಆಸುಪಾಸು. ಗಂಡ ತೀರಿಹೋಗಿ ಕೆಲವು ವರ್ಷಗಳಾಗಿವೆ. ಮಗು ಹುಟ್ಟಿದ ಸುದ್ದಿ ಕೇಳಿ ಒಂದು ಬಾಟಲಿ ಮೇಪಲ್ ಸಿರಪ್ ಹಿಡಿದುಕೊಂಡು ನೋಡಲು ಬಂದರು. ಅಲ್ಲಿ ಚಿಕ್ಕವರು ದೊಡ್ಡವರು ಎನ್ನದೆ ಎಲ್ಲರೂ ಎಲ್ಲರನ್ನೂ ಹೆಸರು ಹಿಡಿದೇ ಕರೆಯುತ್ತಾರೆ. ನನಗಿಂತ ಹತ್ತು ವರ್ಷ ದೊಡ್ಡವರನ್ನು ಹಾಗೆ ಕರೆಯಲು ನನ್ನ ನಾಲಗೆ ಹೊರಳಲಿಲ್ಲ. ನಾನು ಮನಸ್ಸಿನಲ್ಲೇ ಅವರಿಗೆ ‘ಸಕ್ಕರೆ ಅಕ್ಕ’ ಎಂದು ಹೆಸರಿಟ್ಟೆ. ಅವರ ಮನೆಯ ಹಿಂದಿನ ಗುಡ್ಡದಲ್ಲಿ ಸಕ್ಕರೆ ಮೇಪಲ್ ಮರಗಳ ಕಾಡು. ವರ್ಷಕ್ಕೆ ಎಂಟುನೂರು ತೂತು ಕೊರೆಯುತ್ತಾರಂತೆ. ಆ ಊರುಗಳಲ್ಲಿ ಇದು ಸಣ್ಣ ಹಿಡುವಳಿ. ಜಗತ್ತಿನ ಮೇಪಲ್ ಸಿರಪ್ಪಿನ ಬಹುಪಾಲು ಕೆನಡಾದ ಕ್ವಿಬೆಕ್ ಪ್ರಾಂತ್ಯದಿಂದ ಬರುತ್ತದೆ. ಅಮೆರಿಕದಲ್ಲಿ ಆಗುವುದರಲ್ಲಿ ಸುಮಾರು ಅರ್ಧ ಈ ಪುಟ್ಟ ವರ್ಮಾಂಟಿನದು. ಬಿಳಿಯರು ಬರುವ ಮೊದಲೇ ಅಲ್ಲಿನ ಮೂಲನಿವಾಸಿಗಳಾದ ಅಬೆನಾಕಿ ಜನರಿಗೆ ಈ ವಿದ್ಯೆ ಗೊತ್ತಿತ್ತು.

ಫೆಬ್ರವರಿ ಕೊನೆಗೆ ಒಂದು ಮಧ್ಯಾಹ್ನ, ಮಗಳೂ ಮಗುವೂ ಮಲಗಿದ್ದಾಗ, ಅಳಿಯನ ಜೊತೆ ತೂತು ಕೊರೆಯುವುದನ್ನು ನೋಡಲು ಹೋದೆ. ಅಳಿಯನೇ ದುಭಾಷಿ. ಸಕ್ಕರೆ ಅಕ್ಕ ಮೊದಲು ಮರವನ್ನು ಸುತ್ತುಹಾಕಿದರು. ಅಂಗೈಯಿಂದ ತೊಗಟೆ ಸವರಿದರು. ಕೊರೆಯುವ ಮರ ಕಡಿಮೆಯೆಂದರೂ ಹತ್ತು ಹನ್ನೆರಡು ಅಂಗುಲ ದಪ್ಪವಿರಬೇಕು. ಅಷ್ಟಾಗಲು ಸುಮಾರು 40 ವರ್ಷ ಬೇಕು. ಅದಕ್ಕೆ ಒಂದೇ ತೂತು. ಹದಿನೆಂಟು ಅಂಗುಲ ದಾಟಿದ ದೊಡ್ಡ ಮರವಾದರೆ ಎರಡು. ಹಳೆಯ ತೂತಿನ ಗುರುತು ಎಲ್ಲಿದೆ ಎಂದು ಹುಡುಕಿ, ಅದರಿಂದ ಒಂದು ಗೇಣು ಆಚೆಗೆ ಬೈರಿಗೆ ಇಟ್ಟರು. ನಮ್ಮ ಕಿರುಬೆರಳೂ ಹಿಡಿಸದಷ್ಟು ಸಣ್ಣ ತೂತು, ಎಂಟು ಮಿಲಿಮೀಟರು. ಆಳ ಎರಡು ಅಂಗುಲದೊಳಗೆ. ರಸ ಹೊರಗೆ ಹರಿಯಲೆಂದು ಒಂಚೂರು ಮೇಲ್ಮುಖವಾದ ಓರೆ.

ಬೈರಿಗೆಯ ಜೊತೆ ಬಂದ ಮರದ ಹುಡಿಯನ್ನು ಅವರು ಅಂಗೈಯಲ್ಲಿ ಹಿಡಿದು ತೋರಿಸಿದರು. ಕೆನೆಬಣ್ಣದ ಹುಡಿ ಬಂದರೆ ಜೀವಂತ ಮರ, ರಸ ಬರುತ್ತದೆ. ಕಂದು ಬಣ್ಣದ್ದು ಬಂದರೆ ಹಿಂದೆಂದೋ ಕೊರೆದ ಗಾಯದ ಜಾಗಕ್ಕೆ ಬೈರಿಗೆ ಹೋಗಿದೆ ಎಂದು ಅರ್ಥ. ಅಲ್ಲಿ ಎಷ್ಟು ಕೊರೆದರೂ ಹನಿ ಬರುವುದಿಲ್ಲ. ಆಮೇಲೆ ಪ್ಲಾಸ್ಟಿಕ್ಕಿನ ಸಣ್ಣ ನಳಿಗೆಯನ್ನು ತೂತಿಗಿಟ್ಟು ಸುತ್ತಿಗೆಯಿಂದ ಮೆಲ್ಲಗೆ ಎರಡು ಮೂರು ಪೆಟ್ಟು. ಸದ್ದು ಬದಲಾದ ತಕ್ಷಣ ನಿಲ್ಲಿಸಬೇಕು. ಜೋರಾಗಿ ಬಡಿದರೆ ಮರ ಸೀಳುತ್ತದೆ. ನಳಿಗೆ ಇಟ್ಟು ಮುಗಿಯುವಷ್ಟರಲ್ಲಿ ಒಂದು ಹನಿ ಬಂತು, ಅದರ ಹಿಂದೆ ಇನ್ನೊಂದು. ಬೆರಳಿಗೆ ತಾಗಿಸಿ ನಾಲಗೆಗೆ ಇಟ್ಟುಕೊಂಡೆ. ಎಳನೀರಿಗೆ ಮೂರುಪಟ್ಟು ನೀರು ಬೆರೆಸಿದ ಹಾಗಿತ್ತು. ಸಿಹಿ ಇದೆಯೋ ಇಲ್ಲವೋ ಎಂಬ ಅನುಮಾನ. ಇರುವ ಸಕ್ಕರೆ ನೂರಕ್ಕೆ ಎರಡು ಪಾಲು ಮಾತ್ರ!

ಈ ರಸ ಹರಿಯಬೇಕಾದರೆ ಒಂದು ವಿಚಿತ್ರ ಹವೆ ಬೇಕು. ರಾತ್ರಿ ನೀರು ಹೆಪ್ಪುಗಟ್ಟುವಷ್ಟು ಚಳಿ, ಹಗಲು ಹಿಮ ಕರಗುವಷ್ಟು ಬಿಸಿಲು. ಚಳಿಯೇ ಮುಂದುವರಿದರೆ ರಸವಿಲ್ಲ. ಬಿಸಿಲೇ ಮುಂದುವರಿದರೂ ಇಲ್ಲ. ಕಾರಣವನ್ನು ಅಳಿಯ ವಿವರಿಸಿದ. ಮೇಪಲ್ ಮರದ ನಾರುಗಳ ಒಳಗೆ ನೀರಿನ ಜೊತೆ ಸಣ್ಣ ಸಣ್ಣ ಗಾಳಿಗುಳ್ಳೆಗಳೂ ಇರುತ್ತವೆ. ರಾತ್ರಿಯ ಚಳಿಗೆ ಮಂಜುಗಡ್ಡೆ ಕಟ್ಟುವಾಗ ಆ ಗುಳ್ಳೆಗಳು ಅದುಮಿಕೊಳ್ಳುತ್ತವೆ, ಮರ ಬೇರಿನಿಂದ ನೀರು ಎಳೆದುಕೊಳ್ಳುತ್ತದೆ. ಬೆಳಗ್ಗೆ ಗಡ್ಡೆ ಕರಗಿ ಗುಳ್ಳೆಗಳು ಹಿಗ್ಗಿದಾಗ ಒಳಗೆ ಒತ್ತಡ ಹುಟ್ಟುತ್ತದೆ. ಸೋಡಾ ಬಾಟಲಿಯ ಗೋಲಿ ಒತ್ತಿದಂತೆ, ಎಲ್ಲಿ ತೂತಿದೆಯೋ ಅಲ್ಲಿಂದ ರಸ ಹೊರಬರುತ್ತದೆ. ಆ ರಸದ ಸಕ್ಕರೆಯೋ, ಹಿಂದಿನ ಬೇಸಿಗೆಯಲ್ಲಿ ಎಲೆಗಳು ಬಿಸಿಲಿನಲ್ಲಿ ತಯಾರಿಸಿ ಪಿಷ್ಟವಾಗಿ ಕೂಡಿಟ್ಟದ್ದು. ಹೊಸ ಚಿಗುರಿಗೆಂದು ಮರ ಮಾಡಿಕೊಂಡ ಉಳಿತಾಯ. ನಾವು ಮಳೆಗಾಲಕ್ಕೆ ಹಪ್ಪಳ ಸಂಡಿಗೆ ಮಾಡಿ ಅಟ್ಟಕ್ಕೆ ಏರಿಸುವುದಿಲ್ಲವೆ, ಹಾಗೆ.

ಹೀಗಾಗಿ ಮಾರ್ಚ್ ಪೂರ್ತಿ ಆಚೆ ಮನೆಯಲ್ಲಿ ಸಕ್ಕರೆ ಅಕ್ಕ ನಸುಕಿಗೇ ಎದ್ದು ಉಷ್ಣಮಾಪಕ ನೋಡುವುದು, ಈಚೆ ಮನೆಯಲ್ಲಿ ನಾನು ಮಗುವಿನ ಅಳುವಿಗೆ ಎದ್ದು ದೀಪ ಹಾಕುವುದು, ಎರಡೂ ಒಂದೇ ಹೊತ್ತಿಗೆ ನಡೆಯುತ್ತಿತ್ತು. ನಮ್ಮ ಮನೆಯದೂ ಹರಿವಿನ ಚಿಂತೆಯೇ. ಮೊದಲ ವಾರ ಮಗಳಿಗೆ ಹಾಲು ಸಾಲುತ್ತಿರಲಿಲ್ಲ. ನಾನು ಸಬ್ಬಸಿಗೆ ಸೊಪ್ಪು, ಬೆಳ್ಳುಳ್ಳಿ, ಮೆಂತ್ಯದ ಗಂಜಿ ಎಂದು ಓಡಾಡಿದೆ. ಆಸ್ಪತ್ರೆಯಿಂದ ಬಂದ ದಾದಿ, “ಮಗು ಕುಡಿದಷ್ಟೂ ಹಾಲು ಬರುತ್ತದೆ, ಗಾಬರಿ ಬೇಡ, ತಾಯಿಗೆ ನಿದ್ದೆ ಕೊಡಿ” ಎಂದಳು. ಎರಡೂ ಸೇರಿ ಕೆಲಸ ಮಾಡಿತು ಎನ್ನೋಣ. ಹತ್ತನೇ ದಿನದ ಹೊತ್ತಿಗೆ ಸರಿಯಾಯಿತು. ಆಮೇಲೆ ಹಾಲು ಹಿಂಡುವ ಪಂಪು ಬಂತು. ಕೆಲಸಕ್ಕೆ ಮರಳುವ ಮುನ್ನ ಸ್ವಲ್ಪ ಸ್ವಲ್ಪವಾಗಿ ಹಿಂಡಿ, ಚೀಲಗಳಲ್ಲಿ ತುಂಬಿ, ತಾರೀಖು ಬರೆದು ಫ್ರೀಜರಿನಲ್ಲಿ ಇಡುವುದು. ರಾತ್ರಿ ಮೂರು ಗಂಟೆಗೆ ಮಗಳ ಕೋಣೆಯಿಂದ ಪಂಪಿನ ಗರ್ ಗರ್ ಸದ್ದು. ಬೆಳಿಗ್ಗೆ ರಸ್ತೆಯಾಚೆ ಗುಡ್ಡದಿಂದ ಮೇಪಲ್ ರಸ ಎಳೆಯುವ ಪಂಪಿನ ಗರ್ ಗರ್ ಸದ್ದು. “ಈ ಊರಿನಲ್ಲಿ ಎಲ್ಲರದ್ದೂ ಹಿಂಡುವುದೇ ಕೆಲಸ” ಎಂದು ನಾನು ಅಂದರೆ ಮಗಳು ನಿದ್ದೆಗಣ್ಣಿನಲ್ಲೂ ನಕ್ಕಳು.

ಬಕೆಟ್ಟು ನೇತುಹಾಕಿ ರಸ ಹಿಡಿಯುವ ಕಾಲ ಹೆಚ್ಚಿನ ಕಡೆ ಮುಗಿದಿದೆ. ಸಕ್ಕರೆ ಅಕ್ಕ ರಸ್ತೆ ಬದಿಯ ನಾಲ್ಕು ಮರಗಳಿಗೆ ಮಾತ್ರ, ಮೊಮ್ಮಕ್ಕಳ ಸಂತೋಷಕ್ಕೆಂದು, ಮುಚ್ಚಳದ ತಗಡಿನ ಬಕೆಟ್ಟು ಕಟ್ಟಿದ್ದರು. ಮಿಕ್ಕ ಕಾಡಿನಲ್ಲೆಲ್ಲ ಮರದಿಂದ ಮರಕ್ಕೆ ಪ್ಲಾಸ್ಟಿಕ್ ಕೊಳವೆಗಳ ಜಾಲ, ಬಟ್ಟೆ ಒಣಹಾಕುವ ಹಗ್ಗ ಕಟ್ಟಿದಂತೆ. ಇಳಿಜಾರಿನಲ್ಲಿ ರಸ ತಾನಾಗಿ ಕೆಳಗಿನ ತೊಟ್ಟಿಗೆ ಬರುತ್ತದೆ. ಪಂಪು ಅದಕ್ಕೆ ನೆರವಾಗುತ್ತದೆ. ಒಂದು ತೂತಿನಿಂದ ಇಡೀ ಋತುವಿನಲ್ಲಿ ಸುಮಾರು 40 ಲೀಟರ್ ರಸ. ಪಂಪು ಇದ್ದರೆ ಇನ್ನೂ ಹೆಚ್ಚು.

ಕೊರೆದರೆ ಕೆಲಸ ಮುಗಿಯಿತು ಎಂದುಕೊಂಡಿದ್ದವಳಿಗೆ, ನಿಜವಾದ ಕೆಲಸ ಶುರುವಾಗುವುದೇ ಆಮೇಲೆ ಎಂದು ತಿಳಿಯಿತು. ಗಾಳಿಗೆ ಕೊಂಬೆ ಬಿದ್ದು ಕೊಳವೆ ಹರಿಯುತ್ತದೆ. ಅಳಿಲುಗಳು ಕಚ್ಚಿ ತೂತು ಮಾಡುತ್ತವೆ. ಅಲ್ಲಿನ ಕೆಂಪು ಅಳಿಲು ಸ್ವತಃ ಮೇಪಲ್ ಕೊಂಬೆಯನ್ನು ಕಚ್ಚಿ, ಒಸರಿದ ರಸದ ನೀರೆಲ್ಲ ಆರಿ ಸಿಹಿ ಉಳಿದ ಮೇಲೆ ಬಂದು ನೆಕ್ಕುತ್ತದೆ ಎಂದು ಬರ್ಂಡ್ ಹೈನ್‌ರಿಕ್ ಎಂಬ ಪ್ರಾಣಿಶಾಸ್ತ್ರಜ್ಞರು 1992ರಲ್ಲಿ ಬರೆದಿದ್ದಾರೆ. ಒಲೆ ಸೌದೆ ಇಲ್ಲದೆ ಬೆಲ್ಲ ಮಾಡುವ ಜಾಣೆ! ಸಕ್ಕರೆ ಅಕ್ಕ ದಿನಾ ಹಿಮದ ಬೂಟು ಕಟ್ಟಿಕೊಂಡು ಗುಡ್ಡವೆಲ್ಲ ಸುತ್ತುತ್ತಿದ್ದರು. ಎಲ್ಲಿ ಗಾಳಿ ಸೋರಿ ‘ಸುಯ್’ ಎನ್ನುತ್ತದೆ ಎಂದು ಕಿವಿಗೊಟ್ಟು ಕೇಳುವುದು, ಅಲ್ಲಿ ಕತ್ತರಿಸಿ ಜೋಡಿಸುವುದು. ಮನೆಯಲ್ಲಿ ಎಲ್ಲ ಸುಸೂತ್ರವಾಗಿದೆ ಎಂದರೆ ಯಾರೋ ಒಬ್ಬರು ಕಿವಿ ತೆರೆದುಕೊಂಡು ಓಡಾಡುತ್ತಿದ್ದಾರೆ ಎಂದೇ ಅರ್ಥ. ಇದನ್ನು ನಿಮಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ.

ಇಷ್ಟೆಲ್ಲ ಮಾಡಿದರೂ ಕೆಲವು ವಾರಗಳಲ್ಲಿ ತೂತು ತಾನಾಗಿ ಬತ್ತತೊಡಗುತ್ತದೆ. ಗಾಯಕ್ಕೆ ಸೂಕ್ಷ್ಮಜೀವಿಗಳು ಸೇರುತ್ತವೆ. ಅವು ಒಳಗೆ ಹರಡದಂತೆ ಮರ ತನ್ನ ನಾಳಗಳನ್ನು ಮುಚ್ಚಿಕೊಳ್ಳುತ್ತದೆ. ಹೆಚ್ಚು ದಿನ ರಸ ಬೇಕೆಂದರೆ ದಾರಿ ಒಂದೇ, ಶುಚಿ. ಪ್ರತಿ ವರ್ಷ ಹೊಸ ನಳಿಗೆ. ರಾತ್ರಿ ಮರ ನೀರು ಎಳೆದುಕೊಳ್ಳುವಾಗ ಕೊಳವೆಯಲ್ಲಿ ಉಳಿದ ಹಳೆಯ ರಸ ವಾಪಸು ಒಳಗೆ ಹೋಗಬಾರದೆಂದು, ಒಳಗೊಂದು ಪುಟ್ಟ ಗುಂಡು ಇರುವ ನಳಿಗೆ ಈಗ ಬಂದಿದೆ. ವರ್ಮಾಂಟ್ ವಿಶ್ವವಿದ್ಯಾಲಯ 1946ರಿಂದ ಮೇಪಲ್ಲಿಗೆಂದೇ ಒಂದು ಸಂಶೋಧನಾ ಕೇಂದ್ರ ನಡೆಸುತ್ತಿದೆ. ಅಲ್ಲಿ ಹುಟ್ಟಿದ ಉಪಾಯ ಅದು. ಹಸುಗೂಸಿನ ಹಾಲಿನ ಬಾಟಲಿಯನ್ನು ದಿನಕ್ಕೆ ಆರು ಸಲ ಕುದಿಯುವ ನೀರಿನಲ್ಲಿ ಅದ್ದುತ್ತಿದ್ದ ನನಗೆ ಇದು ಬಹಳ ಚೆನ್ನಾಗಿ ಅರ್ಥವಾಯಿತು.

ಆದರೆ ಒಂದು ಕಾಲದಲ್ಲಿ ಇನ್ನೊಂದು ದಾರಿಯೂ ಇತ್ತು. 1960ರ ದಶಕದಲ್ಲಿ ಪ್ಯಾರಾಫಾರ್ಮಾಲ್ಡಿಹೈಡ್ ಎಂಬ ರಾಸಾಯನಿಕದ ಗುಳಿಗೆ ಬಂತು. ತೂತಿನೊಳಗೆ ಅದನ್ನು ಇಟ್ಟರೆ ಸೂಕ್ಷ್ಮಜೀವಿಗಳು ಸತ್ತು, ತೂತು ಬತ್ತದೆ ಋತುವಿನ ಕೊನೆಯವರೆಗೂ ರಸ ಹರಿಯುತ್ತಿತ್ತು. ಎಲ್ಲರೂ ಖುಷಿಪಟ್ಟರು. ಕೆಲವು ವರ್ಷಗಳ ಮೇಲೆ ನೋಡಿದರೆ, ಆ ಗುಳಿಗೆ ಸೂಕ್ಷ್ಮಜೀವಿಗಳ ಜೊತೆಗೆ ಮರದ ಮುಚ್ಚಿಕೊಳ್ಳುವ ಶಕ್ತಿಯನ್ನೂ ಕೊಂದಿತ್ತು. ತೂತಿನ ಸುತ್ತ ಕೊಳೆತ ಹರಡಿತ್ತು. ಕೊನೆಗೆ ಅದನ್ನು ನಿಷೇಧಿಸಿದರು. ಸಕ್ಕರೆ ಅಕ್ಕನ ಮಾವನವರೂ ಆ ಗುಳಿಗೆ ಬಳಸಿದವರೇ. ಗುಡ್ಡದ ಬುಡದಲ್ಲಿ ಒಳಗೆಲ್ಲ ಟೊಳ್ಳಾದ ಒಂದು ಮುದಿಮರವನ್ನು ತೋರಿಸಿ ಅವರು ಹೇಳಿದರು: “ಇದು ತುಂಬ ಕೊಟ್ಟ ಮರ. ಬೇಡ ಎನ್ನಲು ಇದಕ್ಕೆ ನಾವು ಬಿಡಲಿಲ್ಲ.” ಅಳಿಯ ಈ ಮಾತನ್ನು ಅನುವಾದಿಸುವಾಗ ಅವರ ಕೈ ಆ ಮರದ ಮೇಲೇ ಇತ್ತು.

ಇನ್ನು ಅವರ ಆಲೆಮನೆಯ ವಿಷಯ. ಅವರು ಅದನ್ನು ಸಕ್ಕರೆಮನೆ ಎನ್ನುತ್ತಾರೆ. ರಸ ಹಾಲಿನ ಹಾಗೆ, ಇಟ್ಟರೆ ಕೆಡುತ್ತದೆ. ಬಂದ ದಿನವೇ ಕಾಯಿಸಬೇಕು. ನನ್ನ ತವರಿನ ಆಲೆಮನೆಯಲ್ಲಿ ಕೋಣ ಕಟ್ಟಿದ ಗಾಣ, ಕೊಪ್ಪರಿಗೆ, ಕಬ್ಬಿನ ಸಿಪ್ಪೆಯ ಉರಿ. ಇಲ್ಲಿ ಉದ್ದನೆಯ ಚಪ್ಪಟೆ ಬಾಣಲೆ, ಸೌದೆಯ ಒಲೆ, ಹಬೆ ಹೋಗಲು ಸೂರಿನ ನಡುವೆ ತೆರೆದ ಕಿಂಡಿ. ಒಳಗೆ ಕಾಲಿಟ್ಟರೆ ಮೋಡದೊಳಗೆ ಹೊಕ್ಕ ಹಾಗೆ. ನಮ್ಮಲ್ಲಿ ಸುಮಾರು ಆರು ಲೀಟರ್ ಕಬ್ಬಿನಹಾಲಿಗೆ ಒಂದು ಕೆ.ಜಿ. ಬೆಲ್ಲ ಸಿಗುತ್ತದೆ. ಇಲ್ಲಿ 40 ಲೀಟರ್ ರಸ ಕಾಯಿಸಿದರೆ ಒಂದು ಲೀಟರ್ ಸಿರಪ್! ಮಿಕ್ಕ 39 ಲೀಟರ್ ಆಕಾಶಕ್ಕೆ. ನೊರೆ ಉಕ್ಕಿ ಬಂದರೆ ಒಂದು ಚೂರು ಬೆಣ್ಣೆ ಹಾಕುತ್ತಾರೆ, ತಕ್ಷಣ ತಗ್ಗುತ್ತದೆ. ನಮ್ಮಲ್ಲಿ ಎಣ್ಣೆ ಹನಿಸುವುದಿಲ್ಲವೆ! ನೀರು ಕುದಿಯುವ ಶಾಖಕ್ಕಿಂತ ನಾಲ್ಕು ಡಿಗ್ರಿ ಸೆಲ್ಸಿಯಸ್ ಹೆಚ್ಚಾದಾಗ ಪಾಕ ಬಂತು ಎಂದು ಲೆಕ್ಕ. ಸಕ್ಕರೆ ಅಕ್ಕ ಉಷ್ಣಮಾಪಕ ನೋಡಿದರು; ಆದರೂ ಕೊನೆಗೆ ಸೌಟು ಎತ್ತಿ, ಪಾಕ ಹನಿಯಾಗಿ ಬೀಳುತ್ತದೆಯೋ ತೆಳ್ಳನೆ ಪರದೆಯಾಗಿ ಇಳಿಯುತ್ತದೆಯೋ ಎಂದು ದೀಪಕ್ಕೆ ಹಿಡಿದು ನೋಡಿದ ಮೇಲೇ ಬಾಣಲೆ ಬಗ್ಗಿಸಿದ್ದು. ಎಳೆ ಪಾಕ ನೋಡುವ ಕಣ್ಣಿಗೆ ದೇಶ ಭಾಷೆಗಳ ಬೇಧವಿಲ್ಲ.

ಬಿಸಿ ಪಾಕವನ್ನು ಹೊರಗಿನ ಹಿಮದ ಮೇಲೆ ಸುರಿದರು. ಅದು ಜಿಗುಟಾಗಿ ಮಿಠಾಯಿಯ ಹಾಗೆ ಆಯಿತು. ಅದನ್ನು ತಿನ್ನಲು ಒಂದು ಕರಿದ ವಡೆಯಂಥ ಡೋನಟ್, ಜೊತೆಗೆ ಹುಳಿ ಉಪ್ಪಿನಕಾಯಿ! ಇದು ಅಲ್ಲಿನ ಹಳೆಯ ಪದ್ಧತಿಯಂತೆ. ಸಿಹಿ ಕಟ್ಟಿದ ಬಾಯಿಗೆ ಉಪ್ಪಿನಕಾಯಿ ನೆಕ್ಕಿ ಮತ್ತೆ ಸಿಹಿ ತಿನ್ನುವುದು. ನಮ್ಮ ಆಲೆಮನೆಯಲ್ಲಿ ಕಬ್ಬಿನಹಾಲಿನ ಜೊತೆ ಖಾರ ಮಂಡಕ್ಕಿ, ಮಿರ್ಚಿ ಬಜ್ಜಿ ತಿನ್ನುವುದನ್ನು ನಾನು ಹರುಕು ಇಂಗ್ಲಿಷಿನಲ್ಲಿ ವರ್ಣಿಸಿದೆ. ಅವರಿಗೆ ಎಷ್ಟು ಅರ್ಥವಾಯಿತೋ, ಕೈ ಹಿಡಿದುಕೊಂಡು ನಕ್ಕರು.

ಇಷ್ಟು ಹೊತ್ತು ಮರದ ಮಾತು ಆಡಿದೆ. ಮನೆಯ ಮಾತನ್ನೂ ಹೇಳಬೇಕು.

ಅಮೆರಿಕದಲ್ಲಿ 1993ರ ಒಂದು ಕಾನೂನಿನಂತೆ ಬಾಣಂತಿಗೆ ಸಿಗುವುದು 12 ವಾರದ ರಜೆ, ಅದೂ ಸಂಬಳವಿಲ್ಲದ್ದು. ನಮ್ಮಲ್ಲಿ 2017ರಿಂದ 26 ವಾರ ಸಂಬಳದ ರಜೆ ಇದೆ ಎಂದರೆ ಅಲ್ಲಿನವರು ಬಾಯಿ ತೆರೆಯುತ್ತಾರೆ. ಮಗಳ ರಜೆ ಮೇ ತಿಂಗಳ ಎರಡನೇ ವಾರಕ್ಕೆ ಮುಗಿಯುತ್ತಿತ್ತು. ನನ್ನ ವಾಪಸು ಟಿಕೆಟ್ಟೂ ಅದೇ ವಾರಕ್ಕೆ. ನನಗೆ ಆರು ತಿಂಗಳು ಇರಲು ಅನುಮತಿ ಇದ್ದದ್ದರಿಂದ ಮಗಳು ಒಂದು ದಿನ ಸಹಜವಾಗಿ, “ಟಿಕೆಟ್ ಮುಂದಕ್ಕೆ ಹಾಕಿಸ್ತೇನಮ್ಮ, ಆಗಸ್ಟಿನವರೆಗೆ ಇರು. ಆಮೇಲೆ ಇನ್ನೂ ಆರು ತಿಂಗಳಿಗೆ ಅರ್ಜಿ ಹಾಕಬಹುದು” ಎಂದಳು.

ನಾನು ಆಗಲಿ ಎನ್ನಲಿಲ್ಲ. ಮೇ ಕೊನೆಗೆ ಊರಿನಲ್ಲಿ ನಮ್ಮ ಹೆಂಗಸರ ತಾಳಮದ್ದಲೆ ಇತ್ತು. ನನಗೆ ಅಂಬೆಯ ಅರ್ಥ. ಸಾಗರ, ಶಿರಸಿ ಕಡೆಯವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಮಿಕ್ಕವರಿಗೆ ಹೇಳುತ್ತೇನೆ: ವೇಷ, ಕುಣಿತ ಇಲ್ಲದ ಯಕ್ಷಗಾನ. ಭಾಗವತರು ಪದ ಹೇಳುತ್ತಾರೆ. ಪಾತ್ರಧಾರಿಗಳು ಕುಳಿತಲ್ಲೇ, ಬರೆದಿಟ್ಟ ಮಾತಿಲ್ಲದೆ, ಆ ಪದಕ್ಕೆ ತಮ್ಮದೇ ಮಾತಿನಲ್ಲಿ ಅರ್ಥ ಹೇಳುತ್ತಾರೆ. ಎದುರಿನವರು ಕೇಳಿದ ಪ್ರಶ್ನೆಗೆ ಅಲ್ಲೇ ಉತ್ತರ ಹುಟ್ಟಬೇಕು. ಅಪ್ಪಯ್ಯ ದೊಡ್ಡ ಅರ್ಥಧಾರಿ. ಬಾಗಿಲ ಸಂದಿಯಲ್ಲಿ ಕುಳಿತು ಕೇಳಿ ಕೇಳಿ ಹದಿನಾಲ್ಕನೇ ವಯಸ್ಸಿಗೆ ನನಗೆ ಇಡೀ ಪ್ರಸಂಗಗಳು ಬಾಯಿಗೆ ಬರುತ್ತಿದ್ದವು. ಹೆಣ್ಣುಮಕ್ಕಳು ಮುಂದೆ ಕುಳಿತು ಅರ್ಥ ಹೇಳುವ ರೂಢಿ ಆಗ ನಮ್ಮ ಮನೆಯಲ್ಲಿ ಇರಲಿಲ್ಲ. ಮದುವೆಯಾಯಿತು. ಮಕ್ಕಳು, ಬಂದು ಹೋಗುವವರು, ಹಾಸಿಗೆ ಹಿಡಿದ ಅತ್ತೆಯವರ ಹನ್ನೊಂದು ವರ್ಷ. ಯಾರ ಮೇಲೂ ದೂರಿಲ್ಲ. ಮಾಡಿದ್ದನ್ನೆಲ್ಲ ಪ್ರೀತಿಯಿಂದಲೇ ಮಾಡಿದೆ. ಅರವತ್ತು ತುಂಬುವ ಹೊತ್ತಿಗೆ ಬಡಾವಣೆಯ ಹೆಂಗಸರು ಒಂದು ಕೂಟ ಕಟ್ಟಿಕೊಂಡರು. ಮೊದಲ ದಿನ ಮಾತು ಹೊರಡಲಿಲ್ಲ, ಎರಡನೆಯ ದಿನ ಹೊರಟಿತು. ನಲವತ್ತು ವರ್ಷ ಎಲ್ಲಿತ್ತೋ!

“ತಾಳಮದ್ದಲೆಗಾಗಿ ಹೋಗ್ತೀಯಾ?” ಎಂದಳು ಮಗಳು. “ಅದನ್ನು ಮುಂದಿನ ವರ್ಷವೂ ಮಾಡಬಹುದು. ಪಾಪುವಿಗೆ ಮೂರು ತಿಂಗಳಾಗುವುದು ಒಂದೇ ಸಲ.”

ಅವಳು ಹೇಳಿದ್ದರಲ್ಲಿ ಸುಳ್ಳೇನಿತ್ತು? ನನ್ನ ಬಳಿ ಉತ್ತರವಿದ್ದರೂ ಆ ನಿದ್ದೆಗೆಟ್ಟ ಮುಖ ನೋಡಿ ಹೇಳಲು ಬಾಯಿ ಬರಲಿಲ್ಲ. ಎರಡು ಮೂರು ದಿನ ಮನೆಯಲ್ಲಿ ಮಾತು ಕಡಿಮೆಯಾಯಿತು. ಮಗುವನ್ನು ಎರೆಯುವಾಗ, ತೊಟ್ಟಿಲು ತೂಗುವಾಗ ನಾನೂ ಕರಗಿ ಹೋಗುತ್ತಿದ್ದೆ. ಆ ಪುಟ್ಟ ಮುಷ್ಟಿ ನನ್ನ ಬೆರಳು ಹಿಡಿದರೆ ಅಂಬೆಯೂ ಬೇಡ, ಭೀಷ್ಮನೂ ಬೇಡ ಎನ್ನಿಸುತ್ತಿತ್ತು. ರಾತ್ರಿ ಒಬ್ಬಳೇ ಮಲಗಿದಾಗ ಅಂಬೆಯ ಮಾತುಗಳು ತಾವಾಗಿಯೇ ಬರುತ್ತಿದ್ದವು. ಹೊರಗೆ ಹಿಮ, ಒಳಗೆ ನಾನು ದಿಂಬಿಗೆ ಮುಖವಿಟ್ಟು ಭೀಷ್ಮನನ್ನು ಕೇಳುತ್ತಿದ್ದೆ: ‘ನನ್ನನ್ನು ಕರೆತರುವಾಗ ನನಗೇನು ಬೇಕೆಂದು ಒಂದು ಮಾತು ಕೇಳಿದೆಯಾ?’ ಎಂದು.

ಏಪ್ರಿಲ್ ನಡುವಿಗೆ ಹಿಮ ಕರಗಿ ಕೆಸರಾಯಿತು. ಬೋಳು ಕೊಂಬೆಗಳ ತುದಿಯಲ್ಲಿ ಮೊಗ್ಗು ಉಬ್ಬತೊಡಗಿದವು. ಒಂದು ಬೆಳಿಗ್ಗೆ ಮಗಳು, “ಬಾರಮ್ಮ, ಪಾಪುವಿಗೂ ಹೊರಗಿನ ಗಾಳಿ ಸಿಗಲಿ” ಎಂದು ಮಗುವನ್ನು ಎದೆಗೆ ಕಟ್ಟಿಕೊಂಡು ಹೊರಟಳು. ಗುಡ್ಡದಲ್ಲಿ ಸಕ್ಕರೆ ಅಕ್ಕ ಒಂದೊಂದೇ ಮರದಿಂದ ನಳಿಗೆ ಕೀಳುತ್ತಿದ್ದರು. ಕಿತ್ತ ತೂತಿನಿಂದ ಇನ್ನೂ ರಸ ಜಿನುಗುತ್ತಿತ್ತು. ನನಗೆ ಸಂಕಟವಾಯಿತು; ಬರುತ್ತಿರುವುದನ್ನು ಬಿಡುವುದು ನಮ್ಮ ಜಾಯಮಾನವಲ್ಲ. “ಇನ್ನೂ ಬರ್ತಾ ಇದೆಯಲ್ಲ, ಯಾಕೆ ಕೀಳ್ತೀರಿ ಅಂತ ಕೇಳು” ಎಂದೆ ಮಗಳಿಗೆ. ಅಳಿಯ ಆಫೀಸಿಗೆ ಹೋಗಿದ್ದ. ಅಂದು ಅವಳೇ ದುಭಾಷಿ.

ಅವಳು ಕೇಳಿದಳು. ಸಕ್ಕರೆ ಅಕ್ಕ ಕೆಲಸ ನಿಲ್ಲಿಸದೆ ಉತ್ತರ ಹೇಳಿದರು. ಮೊಗ್ಗು ಉಬ್ಬಿದ ಮೇಲೆ ರಸದ ಗುಣ ಬದಲಾಗುತ್ತದೆ, ಕಾಯಿಸಿದರೆ ಕೆಟ್ಟ ವಾಸನೆ, ಸಿರಪ್ ರುಚಿಸುವುದಿಲ್ಲ. ಇಷ್ಟನ್ನು ಮಗಳು ಸರಾಗವಾಗಿ ಹೇಳಿದಳು. ಆಮೇಲೆ ಅವರು ಇನ್ನೂ ಒಂದು ವಾಕ್ಯ ಹೇಳಿದರು. ಮಗಳು ಸ್ವಲ್ಪ ತಡೆದಳು.

“ಏನಂತೆ?” ಎಂದೆ.

“ಇನ್ನು ಅದು ಮರಕ್ಕೆ ಬೇಕು ಅಂತಾರೆ” ಎಂದಳು. “ಅದರ ಎಲೆಗೆ.”

ನಾನು ಏನೂ ಹೇಳಲಿಲ್ಲ. ಅವಳೂ ಹೇಳಲಿಲ್ಲ. ತೂತಿಗೆ ಏನಾದರೂ ಮೆತ್ತುತ್ತೀರಾ ಎಂದು ನಾನೇ ಕೈಸನ್ನೆಯಲ್ಲಿ ಕೇಳಿದೆ. ಇಲ್ಲವಂತೆ. ಏನೂ ತುಂಬಬಾರದು, ಮುಟ್ಟಬಾರದು, ಮರವೇ ಮುಚ್ಚಿಕೊಳ್ಳುತ್ತದೆ. ಒಳಗಿನ ಗಾಯ ಮಾಯುವುದಿಲ್ಲ. ತೂತಿನ ಮೇಲೂ ಕೆಳಗೂ ಕಂದು ಬಣ್ಣದ ಒಂದು ಗೆರೆ ಮರ ಇರುವವರೆಗೂ ಇರುತ್ತದೆ, ಆ ಗೆರೆಯಲ್ಲಿ ಮತ್ತೆ ರಸ ಹರಿಯುವುದಿಲ್ಲ. ಆದರೆ ಅದರ ಸುತ್ತ ವರ್ಷ ವರ್ಷ ಹೊಸ ಮರ ಬೆಳೆಯುತ್ತದೆ. ಗಾಯಕ್ಕಿಂತ ಬೆಳೆಯುವುದು ಹೆಚ್ಚಿದ್ದರೆ ಮರ ನೂರು ವರ್ಷವೂ ಕೊಡುತ್ತದೆ. ಕೊರೆಯುವವರು ಗಮನಿಸಬೇಕಾದದ್ದು ಈ ಲೆಕ್ಕವನ್ನೇ ಎಂದರು.

ಅಂದು ರಾತ್ರಿ ಊಟಕ್ಕೆ ಕುಳಿತಾಗ ಮಗಳು ಗಂಡನನ್ನು ಕೇಳಿದಳು: “ನಿನಗೆ ಎಷ್ಟು ದಿನ ರಜೆ ಸಿಗುತ್ತೆ ಅಂತ ವಿಚಾರಿಸಿದ್ದೀಯಾ?” ಅದೇ ಕಾನೂನಿನಲ್ಲಿ ಅಪ್ಪನಾದವನಿಗೂ ಅಷ್ಟೇ ವಾರಗಳ ಹಕ್ಕಿದೆಯಂತೆ, ಮಗುವಿಗೆ ವರ್ಷ ತುಂಬುವುದರೊಳಗೆ ತೆಗೆದುಕೊಳ್ಳಬೇಕಂತೆ. ಹುಟ್ಟಿದಾಗ ಅವನು ಒಂದು ವಾರ ಮಾತ್ರ ಮನೆಯಲ್ಲಿದ್ದ. ಅತ್ತೆ ಇದ್ದಾರಲ್ಲ ಎಂದು ಉಳಿದದ್ದನ್ನು ಯಾರೂ ವಿಚಾರಿಸಿರಲಿಲ್ಲ. ಅವನ ತಪ್ಪೆಂದು ನಾನು ಹೇಳುವುದಿಲ್ಲ. ನಳದಲ್ಲಿ ನೀರು ಬರುತ್ತಿರುವಾಗ ಬಾವಿಯ ಹಗ್ಗ ಯಾರು ಹುಡುಕುತ್ತಾರೆ? ಅವನು ಮೇ ತಿಂಗಳಿನಿಂದ ಆರು ವಾರ ರಜೆ ಹಾಕಿದ. ಸಂಬಳ ಕಡಿತವಾಯಿತು. ಆಮೇಲೆ ಮಗುವನ್ನು ನೋಡಿಕೊಳ್ಳುವವರ ಮನೆಯೊಂದನ್ನು ಹುಡುಕಿದರು. ಅದು ಸುಲಭವಾಗಿರಲಿಲ್ಲ, ಖರ್ಚೂ ಕಡಿಮೆಯದಲ್ಲ. ಅಜ್ಜಿ ಇದ್ದಿದ್ದರೆ ಇದೆಲ್ಲ ಬೇಕಿರಲಿಲ್ಲ ಎಂಬುದು ನಿಜವೇ. ಮಗಳು ಸಂತೋಷದಿಂದ ಕಳಿಸಿದಳು ಎಂದೂ ಹೇಳಲಾರೆ. ವಿಮಾನ ನಿಲ್ದಾಣದಲ್ಲಿ ಬಹಳ ಹೊತ್ತು ನನ್ನ ಸೆರಗು ಹಿಡಿದೇ ನಿಂತಿದ್ದಳು. ಹೊರಡುವ ದಿನ ಸಕ್ಕರೆ ಮರಗಳಿಗೆ ಅಂಗೈ ಅರ್ಧದಷ್ಟು ಎಳೆ ಎಲೆ ಬಂದಿತ್ತು. ಕೆನಡಾದ ಬಾವುಟದಲ್ಲಿ 1965ರಿಂದ ಇರುವುದು ಮೇಪಲ್ ಎಲೆಯೇ; ಬಾವುಟದಲ್ಲಿ ಕೆಂಪು, ಇಲ್ಲಿ ತಿಳಿಹಸಿರು.

ಮೇ ಕೊನೆಗೆ ತಾಳಮದ್ದಲೆ ಆಯಿತು. ನಮ್ಮ ಭೀಷ್ಮ, ಎಂದರೆ ಎದುರು ಮನೆಯ ನಿವೃತ್ತ ಶಿಕ್ಷಕಿ, ನನಗಿಂತ ಬಹಳ ಚೆನ್ನಾಗಿ ಮಾತಾಡಿದರು. ಆದರೂ ನನ್ನ ಮಾತಿಗೆ ಒಂದೆರಡು ಕಡೆ ಸಭೆ ಗಪ್‌ಚಿಪ್ಪಾಯಿತು. ನಮ್ಮ ಯಜಮಾನರು ಮೊದಲ ಸಾಲಿನಲ್ಲಿ ಕುಳಿತು, ಮುಗಿದ ಮೇಲೆ “ಇದೆಲ್ಲ ನನಗೇ ಹೇಳಿದ್ದಾ?” ಎಂದು ಕೇಳಿದರು. ಸಕ್ಕರೆ ಅಕ್ಕ ಕೊಟ್ಟ ಬಾಟಲಿಯನ್ನು ಕೂಟದವರೆಲ್ಲ ತೆಳ್ಳೇವಿನ ಜೊತೆ ಹಂಚಿಕೊಂಡು ತಿಂದೆವು. ‘ನಮ್ಮ ಜೋನಿಬೆಲ್ಲದ ಮುಂದೆ ಏನೂ ಅಲ್ಲ’ ಎಂದು ಸರ್ವಾನುಮತದ ತೀರ್ಮಾನವಾಯಿತು. ಬಾಟಲಿ ಮಾತ್ರ ಹತ್ತು ನಿಮಿಷದಲ್ಲಿ ಖಾಲಿ.

2024ರ ಮಾರ್ಚಿನಲ್ಲಿ ಮಗಳು ವಿಡಿಯೋ ಕರೆ ಮಾಡಿದಳು. ಮೊಮ್ಮಗಳು ಬೂಟು ಹಾಕಿಕೊಂಡು ಹಿಮದಲ್ಲಿ ತಪ್ಪು ಹೆಜ್ಜೆ ಇಡುತ್ತಿದ್ದಳು. ಹಿಂದೆ ತಗಡಿನ ಬಕೆಟ್ಟು ಕಟ್ಟಿದ ಮರ. “ಅಮ್ಮ, ಸಕ್ಕರೆ ಅಕ್ಕ ನಿನ್ನ ಕೇಳಿದ್ರು. ಈ ಸಲ ಯಾವ ಪಾತ್ರ ಅಂತ ವಿಚಾರಿಸಿದ್ರು” ಎಂದಳು. ನಾನು ಹೋದ ವರ್ಷ ಕೊರೆಯುವುದನ್ನು ನೋಡಿದ ಮರವನ್ನು ತೋರಿಸು ಎಂದೆ. ಫೋನನ್ನು ಹತ್ತಿರ ಹಿಡಿದಳು. ಹಳೆಯ ತೂತು ಅರ್ಧಕ್ಕೂ ಹೆಚ್ಚು ಮುಚ್ಚಿತ್ತು. ಅದರಿಂದ ಒಂದು ಗೇಣು ಆಚೆ, ಹೊಸ ನಳಿಗೆಯಿಂದ ಹನಿ ಬೀಳುತ್ತಿತ್ತು. ಮೊಮ್ಮಗಳು ಅದಕ್ಕೆ ನಾಲಗೆ ಚಾಚಿ ನಿಂತಿದ್ದಳು.